ಬುದ್ಧಿಯ ಅಳತೆ

ಹತ್ತನೆಯ ತರಗತಿಯ ಪರೀಕ್ಷೆಯ ಫಲಿತಾಂಶ ಹೊರಬಿದ್ದ ಮರುದಿನ ರಾಜ್ಯದ ಜಿಲ್ಲೆಗಳ ಹೆಸರುಗಳು ವೃತ್ತಪತ್ರಿಕೆಗಳಲ್ಲಿ ಒಂದರ ಕೆಳಗೊಂದರಂತೆ ಅಚ್ಚಾಗುತ್ತವೆ. 2024ನೆಯ ಇಸವಿಯ ಪಟ್ಟಿಯಲ್ಲಿ ನೂರಕ್ಕೆ 94 ಮಂದಿ ಉತ್ತೀರ್ಣರಾದ ಉಡುಪಿ ಜಿಲ್ಲೆ ಮೊದಲನೆಯದಾಗಿತ್ತು, ನೂರಕ್ಕೆ 50.59ರಷ್ಟು ಉತ್ತೀರ್ಣರಾದ ಯಾದಗಿರಿ ಜಿಲ್ಲೆ ಕಟ್ಟಕಡೆಯದಾಗಿತ್ತು. ಅದರ ಹಿಂದಿನ ವರ್ಷವೂ ಕಡೆಯ ಸ್ಥಾನ ಯಾದಗಿರಿಯ ಪಾಲಿಗೇ ಬಂದಿತ್ತು. ಇಂತಹ ಪಟ್ಟಿ ಪ್ರಕಟವಾದಾಗಲೆಲ್ಲ ಯಾದಗಿರಿ, ಶಹಾಪುರ, ಸುರಪುರಗಳ ಬಸ್ ನಿಲ್ದಾಣಗಳಲ್ಲಿಯೂ ಚಹದ ಅಂಗಡಿಗಳಲ್ಲಿಯೂ ಒಂದು ಮಾತು ಕೇಳಿಬರುತ್ತದೆ: “ನಮ್ಮ ಕಡಿ ಹುಡುಗರಿಗೆ ತಲಿ ಇಲ್ಲ.” ಹೇಳುವವರು ಪರಸ್ಥಳದವರಲ್ಲ, ಅದೇ ಊರಿನ ಹಿರಿಯರು, ಅದೇ ಮಕ್ಕಳ ತಂದೆತಾಯಿಗಳು. ದಿನವೂ ಕೇಳಿದ ಮಾತು ಕೆಲವು ಕಾಲದ ಮೇಲೆ ಮಕ್ಕಳ ಬಾಯಿಗೂ ಬರುತ್ತದೆ. ಪರೀಕ್ಷೆಯಲ್ಲಿ ಸೋತ ಹುಡುಗನೊಬ್ಬನು “ನನಗೆ ಓದು ತಲೆಗೆ ಹತ್ತುವುದಿಲ್ಲ” ಎಂದು ಪುಸ್ತಕವನ್ನು ಕಟ್ಟಿಟ್ಟು ಕೂಲಿಗೆ ಹೊರಡುವುದು ಈ ಭಾಗದಲ್ಲಿ ಅಪರೂಪದ ಸಂಗತಿಯೇನಲ್ಲ.

ಈ ಮಾತು ಚಿಕ್ಕದಾದರೂ ಅದರ ಹೊಟ್ಟೆಯಲ್ಲಿ ಹಲವು ನಂಬಿಕೆಗಳು ಅಡಗಿವೆ. ಪರೀಕ್ಷೆಯ ಅಂಕವೆಂದರೆ ಬುದ್ಧಿಯ ಅಳತೆ ಎಂಬುದು ಒಂದು. ಬುದ್ಧಿಯೆಂಬುದು ಹುಟ್ಟುವಾಗಲೇ ಇಷ್ಟೆಂದು ಗೊತ್ತಾಗಿ ಬಂದ ವಸ್ತು ಎಂಬುದು ಇನ್ನೊಂದು. ಒಂದು ಜಿಲ್ಲೆಯ ಮಕ್ಕಳೆಲ್ಲರ ಬುದ್ಧಿಯನ್ನು ಒಂದೇ ಸಂಖ್ಯೆಯಲ್ಲಿ ಹೇಳಬಹುದು ಎಂಬುದು ಮತ್ತೊಂದು. ಇವುಗಳನ್ನು ಒರೆಗೆ ಹಚ್ಚಿ ನೋಡಬೇಕಾದರೆ, ಬುದ್ಧಿಯನ್ನು ಅಳೆಯುವ ಪರೀಕ್ಷೆಗಳು ಹೇಗೆ ಹುಟ್ಟಿದವು, ಅವುಗಳಿಂದ ಬರುವ ಸಂಖ್ಯೆಗೆ ಏನು ಅರ್ಥ ಎಂಬುದನ್ನು ಮೊದಲು ತಿಳಿಯುವುದು ಅಗತ್ಯ.

ಕಥೆ ಪ್ಯಾರಿಸ್ ನಗರದಲ್ಲಿ ಆರಂಭವಾಗುತ್ತದೆ. ಫ್ರಾನ್ಸ್ ದೇಶದಲ್ಲಿ ಎಲ್ಲ ಮಕ್ಕಳಿಗೂ ಶಾಲೆ ಕಡ್ಡಾಯವಾದ ಮೇಲೆ, ತರಗತಿಯಲ್ಲಿ ಕುಳಿತರೂ ಪಾಠದಲ್ಲಿ ಹಿಂದೆ ಬೀಳುವ ಮಕ್ಕಳ ಸಮಸ್ಯೆ ತಲೆದೋರಿತು. ಅಂಥವರನ್ನು ಗುರುತಿಸಿ ತಕ್ಕ ಶಿಕ್ಷಣವನ್ನು ಕೊಡುವ ಬಗೆಯನ್ನು ವಿಚಾರಿಸಲು 1904ರಲ್ಲಿ ಅಲ್ಲಿನ ಸರಕಾರ ಒಂದು ಸಮಿತಿಯನ್ನು ನೇಮಿಸಿತು. ಉಪಾಧ್ಯಾಯರ ಅಭಿಪ್ರಾಯವೊಂದನ್ನೇ ನಂಬುವಂತಿರಲಿಲ್ಲ. ಕಿವಿ ಮಂದವಾದ ಮಗುವನ್ನು ಬುದ್ಧಿ ಮಂದವಾದ ಮಗುವೆಂದು, ತುಂಟನನ್ನು ದಡ್ಡನೆಂದು ಅವರು ಎಣಿಸುವ ಅಪಾಯವಿತ್ತು. ಆ ಸಮಿತಿಯ ಸದಸ್ಯರಲ್ಲಿ ಒಬ್ಬನಾದ ಆಲ್ಫ್ರೆಡ್ ಬಿನೆ ಎಂಬ ಮನಶ್ಶಾಸ್ತ್ರಜ್ಞನು ಥಿಯೊಡೋರ್ ಸಿಮೋನ್ ಎಂಬ ವೈದ್ಯನ ನೆರವಿನಿಂದ 1905ರಲ್ಲಿ ಮೂವತ್ತು ಚಿಕ್ಕ ಕೆಲಸಗಳ ಒಂದು ಪರೀಕ್ಷೆಯನ್ನು ಸಿದ್ಧಪಡಿಸಿದನು. ಉರಿಯುವ ಕಡ್ಡಿಯನ್ನು ಕಣ್ಣಿನಿಂದ ಹಿಂಬಾಲಿಸುವುದು, ಚಿತ್ರದಲ್ಲಿರುವ ವಸ್ತುಗಳ ಹೆಸರು ಹೇಳುವುದು, ಎರಡು ಗೆರೆಗಳಲ್ಲಿ ಉದ್ದವಾದುದನ್ನು ತೋರಿಸುವುದು, ಕೇಳಿದ ಅಂಕಿಗಳನ್ನು ಮತ್ತೆ ಹೇಳುವುದು - ಹೀಗೆ ಸುಲಭದಿಂದ ಕಠಿನದ ಕಡೆಗೆ ಅದು ಏರುತ್ತಿತ್ತು. 1908ರಲ್ಲಿ ಬಿನೆ ಈ ಕೆಲಸಗಳನ್ನು ವಯಸ್ಸಿಗೆ ತಕ್ಕಂತೆ ವಿಂಗಡಿಸಿದನು. ಆರು ವರ್ಷದ ಮಕ್ಕಳಲ್ಲಿ ಹೆಚ್ಚಿನವರು ಮಾಡಬಲ್ಲ ಕೆಲಸ ಆರನೆಯ ವರ್ಷಕ್ಕೆ ಸೇರಿತು. ಎಂಟು ವರ್ಷದವರು ಮಾಡಬಲ್ಲದ್ದು ಎಂಟಕ್ಕೆ. ಮಗು ಯಾವ ವಯಸ್ಸಿನ ಕೆಲಸಗಳವರೆಗೆ ತಲಪುವುದೋ ಅದು ಆ ಮಗುವಿನ ಮಾನಸಿಕ ವಯಸ್ಸು ಎನಿಸಿತು.

1912ರಲ್ಲಿ ವಿಲಿಯಂ ಸ್ಟರ್ನ್ ಎಂಬ ಜರ್ಮನ್ ವಿದ್ವಾಂಸನು ಮಾನಸಿಕ ವಯಸ್ಸನ್ನು ನಿಜವಾದ ವಯಸ್ಸಿನಿಂದ ಭಾಗಿಸುವ ಉಪಾಯವನ್ನು ಸೂಚಿಸಿದನು. 1916ರಲ್ಲಿ ಅಮೆರಿಕದ ಲೂಯಿಸ್ ಟರ್ಮನ್ ಬಿನೆಯ ಪರೀಕ್ಷೆಯನ್ನು ಪರಿಷ್ಕರಿಸಿ, ಆ ಭಾಗಲಬ್ಧವನ್ನು ನೂರರಿಂದ ಗುಣಿಸಿ ಬಳಕೆಗೆ ತಂದನು. ಇದೇ ಬುದ್ಧಿಲಬ್ಧ, ಲೋಕರೂಢಿಯಲ್ಲಿ ಐ.ಕ್ಯೂ. ಹತ್ತು ವರ್ಷದ ಬಾಲಕಿ ಹನ್ನೆರಡು ವರ್ಷದವರ ಕೆಲಸಗಳನ್ನು ಮಾಡಿದರೆ ಅವಳ ಬುದ್ಧಿಲಬ್ಧ 120; ಎಂಟು ವರ್ಷದವರ ಕೆಲಸಗಳಿಗೇ ನಿಂತರೆ 80. ಆದರೆ ಈ ಲೆಕ್ಕ ಬೆಳೆದವರಿಗೆ ಹೊಂದುವುದಿಲ್ಲ. ನಲವತ್ತು ವರ್ಷದವನಿಗೆ ಅರವತ್ತು ವರ್ಷದವನ ಬುದ್ಧಿ ಇದೆ ಎಂದರೆ ಹೊಗಳಿಕೆಯೋ ತೆಗಳಿಕೆಯೋ ತಿಳಿಯದು! ಆದುದರಿಂದ 1939ರಲ್ಲಿ ಡೇವಿಡ್ ವೆಕ್ಸ್ಲರ್ ಎಂಬಾತನು ಭಾಗಾಕಾರವನ್ನು ಕೈಬಿಟ್ಟು, ಒಬ್ಬ ವ್ಯಕ್ತಿ ತನ್ನ ವಯಸ್ಸಿನವರ ಗುಂಪಿನಲ್ಲಿ ಎಲ್ಲಿ ನಿಲ್ಲುತ್ತಾನೆ ಎಂಬುದನ್ನೇ ಸಂಖ್ಯೆಯಾಗಿ ಹೇಳುವ ಪದ್ಧತಿಯನ್ನು ತಂದನು. ಈಗ ಹೆಚ್ಚಾಗಿ ನಡೆಯುತ್ತಿರುವುದು ಈ ಪದ್ಧತಿಯೇ. ಗುಂಪಿನ ನಡುವಿನ ಸ್ಥಾನಕ್ಕೆ 100 ಎಂದು ಹೆಸರು. ನೂರು ಜನರಲ್ಲಿ ಸುಮಾರು 68 ಮಂದಿ 85ರಿಂದ 115ರ ನಡುವೆ ಇರುತ್ತಾರೆ. 130ನ್ನು ದಾಟುವವರು ಸುಮಾರು ಇಬ್ಬರು, 70ಕ್ಕಿಂತ ಕೆಳಗಿರುವವರೂ ಸುಮಾರು ಇಬ್ಬರು.

ಈ ವಿವರದಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಸಂತೆಯಲ್ಲಿ ಜೋಳವನ್ನು ಸೇರಿನಿಂದ ಅಳೆದಂತೆ ಬುದ್ಧಿಯನ್ನು ಅಳೆಯಲು ಬರುವುದಿಲ್ಲ. ಎರಡು ಸೇರು ಜೋಳ ಒಂದು ಸೇರಿನ ಇಮ್ಮಡಿ. ಆದರೆ 120 ಪಡೆದವನು 60 ಪಡೆದವನಿಗಿಂತ ಇಮ್ಮಡಿ ಬುದ್ಧಿವಂತನೆಂದು ಹೇಳುವಂತಿಲ್ಲ. ಬುದ್ಧಿಲಬ್ಧ ಒಂದು ಸ್ಥಾನಸೂಚಕ. ಸಾಲಿನಲ್ಲಿ ಎಷ್ಟನೆಯವನು ಎಂದು ಅದು ಹೇಳುತ್ತದೆಯೇ ಹೊರತು ಪಾತ್ರೆಯಲ್ಲಿ ಎಷ್ಟಿದೆ ಎಂದು ಹೇಳುವುದಿಲ್ಲ. ಅದೂ ಸ್ಥೂಲವಾಗಿ ಮಾತ್ರ. ಚೆನ್ನಾಗಿ ರಚಿತವಾದ ಪರೀಕ್ಷೆಯಲ್ಲಿಯೂ ಅದೇ ಮಗುವಿಗೆ ಮತ್ತೊಮ್ಮೆ ಪರೀಕ್ಷೆ ಕೊಟ್ಟರೆ ಐದಾರು ಅಂಕಗಳ ಏರಿಳಿತ ಸಹಜ. ಒಬ್ಬನಿಗೆ 98, ಇನ್ನೊಬ್ಬನಿಗೆ 102 ಬಂದುದನ್ನು ನೋಡಿ ಇವನಿಗಿಂತ ಅವನು ಜಾಣನೆನ್ನುವುದು ಅರ್ಥವಿಲ್ಲದ ಮಾತು.

ಕನ್ನಡದ ಮಕ್ಕಳಿಗೆ ಈ ಪರೀಕ್ಷೆಯನ್ನು ಒಗ್ಗಿಸಿದವರು ವಿ. ವಿ. ಕಾಮತ್ ಅವರು. ಧಾರವಾಡದ ಕಡೆಯ ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಪರೀಕ್ಷಿಸಿ, ಅಮೆರಿಕದ ಪ್ರಶ್ನೆಗಳಲ್ಲಿ ನಮ್ಮ ಮಕ್ಕಳಿಗೆ ಅಪರಿಚಿತವಾದುವನ್ನು ತೆಗೆದು, ಯಾವ ಪ್ರಶ್ನೆ ಯಾವ ವಯಸ್ಸಿಗೆ ಸಲ್ಲುವುದೆಂಬುದನ್ನು ಹೊಸದಾಗಿ ಗೊತ್ತುಮಾಡಿದರು. 1934ರಲ್ಲಿ ಬ್ರಿಟನ್ನಿನ ಶೈಕ್ಷಣಿಕ ಮನಶ್ಶಾಸ್ತ್ರದ ಪತ್ರಿಕೆಯಲ್ಲಿ ಅವರ ಲೇಖನ ಬಂದಿತು. 1940ರಲ್ಲಿ ಭಾರತೀಯ ಮಕ್ಕಳ ಬುದ್ಧಿಮಾಪನವನ್ನು ಕುರಿತ ಅವರ ಇಂಗ್ಲಿಷ್ ಗ್ರಂಥ ಪ್ರಕಟವಾಯಿತು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರಿನಿಂದ ಅದು ಭಾರತದ ಅನೇಕ ಆಸ್ಪತ್ರೆಗಳಲ್ಲಿಯೂ ಮಕ್ಕಳ ಮಾರ್ಗದರ್ಶನ ಕೇಂದ್ರಗಳಲ್ಲಿಯೂ ಇಂದಿಗೂ ಬಳಕೆಯಲ್ಲಿದೆ. ಉಪಕರಣಗಳೂ ಹಣವೂ ವಿರಳವಾಗಿದ್ದ ಕಾಲದಲ್ಲಿ ನಡೆದ ಈ ಕಾರ್ಯ ಕನ್ನಡನಾಡು ಹೆಮ್ಮೆಪಡತಕ್ಕದ್ದು.

ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಬುದ್ಧಿಲಬ್ಧ ಹೋಲಿಕೆಯ ಸಂಖ್ಯೆಯಾದುದರಿಂದ ಯಾರೊಡನೆ ಹೋಲಿಕೆ ಎಂಬ ಪ್ರಶ್ನೆ ಮುಖ್ಯವಾಗುತ್ತದೆ. ಕಾಮತರು ಕೆಲಸಮಾಡಿದ ಕಾಲದಲ್ಲಿ ಧಾರವಾಡ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಯಾದಗಿರಿ, ಶಹಾಪುರ, ಸುರಪುರಗಳು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಅಲ್ಲಿ ಆಡಳಿತದ ಭಾಷೆ ಉರ್ದು; ಕನ್ನಡ ಶಾಲೆಗಳು ವಿರಳ. 1948ರ ಸೆಪ್ಟೆಂಬರಿನಲ್ಲಿ ಆ ಸಂಸ್ಥಾನ ಭಾರತದಲ್ಲಿ ಸೇರಿ, 1956ರಲ್ಲಿ ಅದರ ಕನ್ನಡ ಪ್ರದೇಶಗಳು ಕನ್ನಡನಾಡನ್ನು ಕೂಡಿಕೊಂಡವು. ಆದುದರಿಂದ ಧಾರವಾಡದ ಮಕ್ಕಳಿಂದ ಸಿದ್ಧವಾದ ಅಳತೆಗೋಲನ್ನು ಭೀಮಾ-ಕೃಷ್ಣೆಯರ ನಡುವಣ ಮಕ್ಕಳಿಗೆ ಹಿಡಿಯುವಾಗ ಪರೀಕ್ಷಕನು ಎಚ್ಚರದಿಂದಿರಬೇಕು. ಕಾಲದ ಅಂತರವೂ ಸಣ್ಣದಲ್ಲ. ಅನೇಕ ದೇಶಗಳಲ್ಲಿ ಹೊಸ ತಲೆಮಾರಿನವರು ಹಳೆಯ ಪರೀಕ್ಷೆಗಳಲ್ಲಿ ತಮ್ಮ ಹಿರಿಯರಿಗಿಂತ ಹೆಚ್ಚು ಅಂಕ ಪಡೆಯುತ್ತ ಬಂದಿರುವುದನ್ನು ಜೇಮ್ಸ್ ಫ್ಲಿನ್ ಎಂಬ ವಿದ್ವಾಂಸನು 1984ರಲ್ಲಿಯೂ 1987ರಲ್ಲಿಯೂ ತೋರಿಸಿಕೊಟ್ಟನು. ಹತ್ತು ವರ್ಷಕ್ಕೆ ಸುಮಾರು ಮೂರು ಅಂಕಗಳ ಏರಿಕೆ! ಇಷ್ಟು ಅಲ್ಪಕಾಲದಲ್ಲಿ ಮನುಷ್ಯನ ಮೆದುಳಿನ ರಚನೆ ಬದಲಾಗುವುದಿಲ್ಲ. ಬದಲಾದುದು ಊಟ, ಆರೋಗ್ಯ, ಶಾಲೆ, ಮನೆಯ ವಾತಾವರಣ.

ಇನ್ನು ಶಾಲೆಯ ಅಂಕಗಳಿಗೂ ಬುದ್ಧಿಲಬ್ಧಕ್ಕೂ ಇರುವ ಸಂಬಂಧವನ್ನು ನೋಡಬಹುದು. ಸಂಬಂಧವಿಲ್ಲವೆನ್ನುವುದು ಸರಿಯಲ್ಲ. ಬಿನೆ ತನ್ನ ಪರೀಕ್ಷೆಯನ್ನು ಕಟ್ಟಿದುದೇ ಶಾಲೆಯಲ್ಲಿ ಯಾರು ಹಿಂದೆ ಬೀಳುವರೆಂಬುದನ್ನು ಮುಂಗಾಣಲು. ಅಂದ ಮೇಲೆ ಎರಡಕ್ಕೂ ನಂಟು ಇರಲೇಬೇಕು. ಎರಡು ಅಳತೆಗಳ ನಂಟನ್ನು ಸಂಖ್ಯಾಶಾಸ್ತ್ರಜ್ಞರು ಸಹಸಂಬಂಧ ಎಂದು ಕರೆದು ಋಣ ಒಂದರಿಂದ ಧನ ಒಂದರವರೆಗಿನ ಸಂಖ್ಯೆಯಲ್ಲಿ ಹೇಳುತ್ತಾರೆ. ಒಂದು ಎಂದರೆ ಎರಡು ಸಾಲುಗಳೂ ಒಂದೇ ಕ್ರಮ. ಸೊನ್ನೆ ಎಂದರೆ ಯಾವ ನಂಟೂ ಇಲ್ಲ. ಬುದ್ಧಿಪರೀಕ್ಷೆಗೂ ಶಾಲೆಯ ಅಂಕಗಳಿಗೂ ನಡುವೆ ಸಾಮಾನ್ಯವಾಗಿ ಕಂಡುಬರುವ ಸಹಸಂಬಂಧ ಅರ್ಧದ ಆಸುಪಾಸಿನಲ್ಲಿರುತ್ತದೆ.

ಅರ್ಧ ಎಂದರೇನು? ಅರವತ್ತು ಮಕ್ಕಳಿರುವ ಒಂದು ತರಗತಿಯನ್ನು ಊಹಿಸಿಕೊಳ್ಳಬಹುದು. ಬುದ್ಧಿಪರೀಕ್ಷೆಯಲ್ಲಿ ಮುಂದಿರುವ ಮೂವತ್ತು ಮಂದಿಯನ್ನು ಒಂದು ಕಡೆಗೆ, ಹಿಂದಿರುವ ಮೂವತ್ತು ಮಂದಿಯನ್ನು ಇನ್ನೊಂದು ಕಡೆಗೆ ನಿಲ್ಲಿಸೋಣ. ನಂಟು ಪೂರ್ಣವಾಗಿದ್ದರೆ ವಾರ್ಷಿಕ ಪರೀಕ್ಷೆಯಲ್ಲಿಯೂ ಮೊದಲ ಮೂವತ್ತು ಸ್ಥಾನಗಳು ಆ ಮೂವತ್ತು ಮಂದಿಗೇ ಸಲ್ಲಬೇಕು. ನಂಟೇ ಇಲ್ಲದಿದ್ದರೆ ಅವರಲ್ಲಿ ಹದಿನೈದು ಮಂದಿಗೆ ಮಾತ್ರ ಸಲ್ಲುತ್ತವೆ. ಸಹಸಂಬಂಧ ಅರ್ಧವಾಗಿದ್ದಾಗ ಸುಮಾರು ಇಪ್ಪತ್ತು ಮಂದಿಗೆ ಸಲ್ಲುತ್ತವೆ. ಉಳಿದ ಹತ್ತು ಮಂದಿ ಅಂಕಗಳಲ್ಲಿ ಕೆಳಗಿನ ಅರ್ಧಕ್ಕೆ ಇಳಿದಿರುತ್ತಾರೆ. ಹಾಗೆಯೇ, ಬುದ್ಧಿಪರೀಕ್ಷೆಯಲ್ಲಿ ಹಿಂದಿದ್ದವರಲ್ಲಿ ಹತ್ತು ಮಂದಿ ಮೇಲಿನ ಅರ್ಧಕ್ಕೆ ಏರಿರುತ್ತಾರೆ. ಇನ್ನೊಂದು ಬಗೆಯಾಗಿ ಲೆಕ್ಕಹಾಕಿದರೆ, ಮಕ್ಕಳ ಅಂಕಗಳಲ್ಲಿ ಕಾಣುವ ಹೆಚ್ಚುಕಡಮೆಯ ಕಾಲುಭಾಗಕ್ಕೆ ಮಾತ್ರ ಬುದ್ಧಿಲಬ್ಧದ ಹೆಚ್ಚುಕಡಮೆ ಲೆಕ್ಕ ಒಪ್ಪಿಸುತ್ತದೆ. ಮುಕ್ಕಾಲು ಭಾಗದ ಕಾರಣವನ್ನು ಬೇರೆಡೆಯಲ್ಲಿ ಹುಡುಕಬೇಕು.

ಆ ಮುಕ್ಕಾಲು ಭಾಗವನ್ನು ಯಾದಗಿರಿಯ ಸೀಮೆಯಲ್ಲಿ ಹುಡುಕುವುದಕ್ಕೆ ದೂರ ಹೋಗಬೇಕಾಗಿಲ್ಲ. ಕಪ್ಪು ಮಣ್ಣಿನ ಹೊಲಗಳಿಗೆ ಹೋದರೆ ಸಾಕು. ಮಳೆಗಾಲ ಕಳೆದು ಹತ್ತಿಯ ಕಾಯಿ ಒಡೆದು ಹೊಲವೆಲ್ಲ ಬೆಳ್ಳಗಾದಾಗ ಬಿಡಿಸುವ ಕೈಗಳು ಬೇಕಾಗುತ್ತವೆ. ಆಗ ಶಾಲೆಯ ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯ ಗುರುತುಗಳು ಹೆಚ್ಚುತ್ತವೆ. ಮುಂದೆ ಮೆಣಸಿನಕಾಯಿಯ ಸರದಿ. ಕೆಲವು ಕುಟುಂಬಗಳು ಬೆಂಗಳೂರಿನಂತಹ ದೂರದ ಊರುಗಳಿಗೆ ಗುಳೆ ಹೋಗುತ್ತವೆ. ಮಕ್ಕಳೂ ಅವರೊಡನೆ ಹೊರಡುತ್ತಾರೆ. ಹುಡುಗಿಯರಾದರೆ ಚಿಕ್ಕ ತಮ್ಮತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲಿ ನಿಲ್ಲುತ್ತಾರೆ. ಹೀಗೆ ಕಳೆದ ದಿನಗಳು ಎಲ್ಲ ವಿಷಯಗಳನ್ನೂ ಒಂದೇ ಸಮನಾಗಿ ಕೆಡಿಸುವುದಿಲ್ಲ ಎಂಬುದು ಗಮನಿಸಬೇಕಾದ ಅಂಶ. ಸಮಾಜ ವಿಜ್ಞಾನದಲ್ಲಿ ಒಂದು ಪಾಠ ತಪ್ಪಿದರೆ ಮುಂದಿನ ಪಾಠವನ್ನು ಓದಿಕೊಳ್ಳಬಹುದು. ಗಣಿತದಲ್ಲಿ ಹಾಗಲ್ಲ. ಭಿನ್ನರಾಶಿಯನ್ನು ಕಲಿಸಿದ ಮೂರು ವಾರ ಹತ್ತಿಯ ಹೊಲದಲ್ಲಿದ್ದ ಹುಡುಗನಿಗೆ ಮರುವರ್ಷ ಪ್ರಮಾಣದ ಲೆಕ್ಕ ತಿಳಿಯುವುದಿಲ್ಲ. ಪ್ರಮಾಣ ತಿಳಿಯದವನಿಗೆ ಬಡ್ಡಿಯ ಲೆಕ್ಕ, ಬೀಜಗಣಿತ, ವಿಜ್ಞಾನದ ಸೂತ್ರಗಳು ಒಂದೊಂದಾಗಿ ಬಾಗಿಲು ಮುಚ್ಚುತ್ತವೆ. ಹತ್ತನೆಯ ತರಗತಿಗೆ ಬರುವ ಹೊತ್ತಿಗೆ ಅವನು ಗಣಿತದಲ್ಲಿ ದಡ್ಡನೆನಿಸಿರುತ್ತಾನೆ. ಐದನೆಯ ತರಗತಿಯ ಆ ಮೂರು ವಾರ ಅಷ್ಟರಲ್ಲಿ ಯಾರ ನೆನಪಿನಲ್ಲಿಯೂ ಉಳಿದಿರುವುದಿಲ್ಲ.

ಮನೆಯಲ್ಲಿ ಪಾಠ ಹೇಳಿಕೊಡುವವರು ಇದ್ದರೆ ಇಂಥ ಕೊರತೆ ಸ್ವಲ್ಪಮಟ್ಟಿಗೆ ತುಂಬುತ್ತದೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ನೂರಕ್ಕೆ 75.36 ಇದ್ದಾಗ ಯಾದಗಿರಿ ಜಿಲ್ಲೆಯದು 51.83 ಇದ್ದಿತು, ರಾಜ್ಯದಲ್ಲಿಯೇ ಅತಿ ಕಡಮೆ. ಹೆಂಗಸರಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಸುಮಾರು 41 ಮಂದಿ. ಅಂದರೆ ಆಗ ಶಾಲೆಗೆ ಸೇರಿದ ಎಷ್ಟೋ ಮಕ್ಕಳು ತಮ್ಮ ಮನೆತನದಲ್ಲಿ ಮೊದಲನೆಯ ಸಲ ಪುಸ್ತಕ ಹಿಡಿದವರು. ತಾಂಡಾಗಳ ಮಕ್ಕಳು ಮನೆಯಲ್ಲಿ ಲಂಬಾಣಿಯನ್ನು ಮಾತನಾಡಿ ಶಾಲೆಯಲ್ಲಿ ಕನ್ನಡವನ್ನು ಕಲಿಯಬೇಕು. ಇವುಗಳ ಜೊತೆಗೆ ರಕ್ತಹೀನತೆ, ಅರೆಹೊಟ್ಟೆ, ಶಿಕ್ಷಕರ ಕೊರತೆ. ಇದರಲ್ಲಿ ಯಾವುದೊಂದೂ ತಲೆಬುರುಡೆಯ ಒಳಗಿನ ಸಂಗತಿಯಲ್ಲ.

ಆದರೆ ಬುದ್ಧಿಪರೀಕ್ಷೆಯಾದರೂ ಶಾಲೆಯ ಸೋಂಕಿಲ್ಲದ ಶುದ್ಧ ಬುದ್ಧಿಯನ್ನು ತೋರಿಸೀತೇ? ಅದೂ ಇಲ್ಲ. ಈ ವಿಷಯದಲ್ಲಿ ಅಲೆಕ್ಸಾಂಡರ್ ಲೂರಿಯಾ ಎಂಬ ರಷ್ಯದ ವಿಜ್ಞಾನಿಯ ಶೋಧನೆ ಬಹಳ ಸ್ವಾರಸ್ಯಕರವಾದುದು. ಅವನು 1931-32ರಲ್ಲಿ ಉಜ್ಬೇಕಿಸ್ತಾನದ ಹಳ್ಳಿಗಳಿಗೆ ಹೋಗಿ ರೈತರನ್ನು ಮಾತನಾಡಿಸಿದನು. ಅದು ಸಹ ಹತ್ತಿ ಬೆಳೆಯುವ ನಾಡು. ಅಕ್ಷರ ಕಲಿಯದ ರೈತರು ವೃತ್ತವನ್ನು ವೃತ್ತವೆನ್ನಲಿಲ್ಲ. ತಟ್ಟೆ ಎಂದರು, ಚಂದ್ರ ಎಂದರು. ಚೌಕವನ್ನು ಬಾಗಿಲು ಎಂದರು. ಸುತ್ತಿಗೆ, ಗರಗಸ, ಕೊಡಲಿ, ಮರದ ದಿಮ್ಮಿ - ಇವುಗಳಲ್ಲಿ ಸೇರದ ವಸ್ತು ಯಾವುದೆಂದು ಕೇಳಿದಾಗ, ದಿಮ್ಮಿಯಿಲ್ಲದಿದ್ದರೆ ಉಳಿದವುಗಳಿಂದ ಏನು ಪ್ರಯೋಜನ, ಎಲ್ಲವೂ ಬೇಕು ಎಂದು ವಾದಿಸಿದರು. ಕೆಲವು ಕಾಲವಷ್ಟೇ ಶಾಲೆಗೆ ಹೋಗಿಬಂದ ಅವರ ಊರಿನ ಕಿರಿಯರು ಮಾತ್ರ ಮೊದಲಿನ ಮೂರನ್ನು ಉಪಕರಣಗಳೆಂದು ಬೇರೆ ತೆಗೆದರು. ಶಹಾಪುರದ ಸುತ್ತಿನ ಹಳ್ಳಿಯ ಒಕ್ಕಲಿಗನೊಬ್ಬನನ್ನು ನೇಗಿಲು, ಕುಂಟೆ, ಕೂರಿಗೆ, ಎತ್ತು - ಇವುಗಳಲ್ಲಿ ಒಂದನ್ನು ತೆಗೆದುಹಾಕೆಂದು ಕೇಳಿದರೆ ಅವನು ಎತ್ತನ್ನು ಬಿಟ್ಟಾನೆಯೇ? ಪರೀಕ್ಷಕನಿಗೆ ಬೇಕಾದ ಉತ್ತರ ಎತ್ತು. ಒಕ್ಕಲಿಗನ ಉತ್ತರದಲ್ಲಿ ಬುದ್ಧಿಯ ಕೊರತೆ ಇಲ್ಲ; ವಸ್ತುಗಳನ್ನು ಬಳಕೆಯಿಂದ ಬೇರ್ಪಡಿಸಿ ಜಾತಿಗಳಾಗಿ ವಿಂಗಡಿಸುವ ಶಾಲೆಯ ಅಭ್ಯಾಸವೊಂದು ಅಲ್ಲಿಲ್ಲ, ಅಷ್ಟೇ. ಆ ಅಭ್ಯಾಸ ಬೆಲೆಯುಳ್ಳದ್ದೇ. ವಿಜ್ಞಾನವೆಲ್ಲ ಅದರ ಮೇಲೆ ನಿಂತಿದೆ. ಆದರೆ ಅದು ಕಲಿತು ಬರುವಂಥದು.

ಇದಕ್ಕೆ ಸಂಖ್ಯೆಗಳ ಆಧಾರವೂ ಉಂಟು. ಆರು ಲಕ್ಷಕ್ಕೂ ಹೆಚ್ಚು ಜನರನ್ನು ಒಳಗೊಂಡ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಇಬ್ಬರು ವಿದ್ವಾಂಸರು ಪ್ರಕಟಿಸಿದ ಪರಿಶೀಲನೆಯಲ್ಲಿ, ಶಾಲೆಯಲ್ಲಿ ಕಳೆದ ಪ್ರತಿಯೊಂದು ಹೆಚ್ಚಿನ ವರ್ಷವೂ ಬುದ್ಧಿಲಬ್ಧವನ್ನು ಒಂದರಿಂದ ಐದು ಅಂಕಗಳಷ್ಟು ಹೆಚ್ಚಿಸುವುದೆಂದು ಕಂಡುಬಂದಿತು. ಬುದ್ಧಿಯಿದ್ದವನು ಶಾಲೆಯಲ್ಲಿ ಮುಂದೆ ಬರುತ್ತಾನೆಂಬುದು ನಿಜವಾದರೆ, ಶಾಲೆಯಲ್ಲಿ ಉಳಿದವನ ಬುದ್ಧಿಲಬ್ಧ ಮೇಲೇರುತ್ತದೆಂಬುದೂ ಅಷ್ಟೇ ನಿಜ. ಹತ್ತಿಯ ಹೊಲಕ್ಕೆ ಹೋದ ಹುಡುಗ ಅಂಕಗಳನ್ನಷ್ಟೇ ಕಳೆದುಕೊಳ್ಳುವುದಿಲ್ಲ.

ಹಾಗೆಂದು ಹೊಲದಲ್ಲಿಯೂ ಸಂತೆಯಲ್ಲಿಯೂ ಬುದ್ಧಿ ಸುಮ್ಮನೆ ಕುಳಿತಿರುವುದಿಲ್ಲ. ಬ್ರೆಜಿಲ್ ದೇಶದ ರೆಸಿಫೆ ನಗರದಲ್ಲಿ ಬೀದಿಯಲ್ಲಿ ತೆಂಗಿನಕಾಯಿ, ಹಣ್ಣು ಮಾರುವ ಐದು ಮಕ್ಕಳನ್ನು ಕುರಿತ ಅಧ್ಯಯನವೊಂದು 1985ರಲ್ಲಿ ಪ್ರಕಟವಾಯಿತು. ಸಂಶೋಧಕರು ಗಿರಾಕಿಗಳಾಗಿ ಹೋಗಿ ಬೆಲೆ ಕೇಳಿದರು. ಒಂದು ಕಾಯಿಗೆ 35ರಂತೆ ಹತ್ತು ಕಾಯಿಗೆ ಎಷ್ಟೆಂದಾಗ ಒಬ್ಬ ಹುಡುಗ 35ರ ಮುಂದೆ ಸೊನ್ನೆ ಇಡುವ ಶಾಲೆಯ ಉಪಾಯವನ್ನು ಬಳಸಲಿಲ್ಲ. ಮೂರು ಕಾಯಿಗೆ 105, ಇನ್ನು ಮೂರಕ್ಕೆ 210, ಮತ್ತೆ ಮೂರಕ್ಕೆ 315, ಉಳಿದ ಒಂದಕ್ಕೆ ಸೇರಿ 350 ಎಂದು ಬಾಯಿಲೆಕ್ಕದಲ್ಲಿ ಹೇಳಿದನು. ಹೀಗೆ ಅಂಗಡಿಯ ಮುಂದೆ ಕೇಳಿದ ಲೆಕ್ಕಗಳಲ್ಲಿ ನೂರಕ್ಕೆ 98ರಷ್ಟು ಸರಿಯಾಗಿ ಬಂದವು. ಅಂಥವೇ ಲೆಕ್ಕಗಳನ್ನು ಬರಿಯ ಚಿಹ್ನೆಗಳಲ್ಲಿ ಕಾಗದದ ಮೇಲೆ ಬರೆದುಕೊಟ್ಟಾಗ ಆ ಮಕ್ಕಳೇ ನೂರಕ್ಕೆ ಸುಮಾರು 37ನ್ನು ಮಾತ್ರ ಸರಿಯಾಗಿ ಮಾಡಿದರು. ಸುರಪುರದ ಸಂತೆಯ ದಿನ ತಾಯಿಯ ಪಕ್ಕದಲ್ಲಿ ಕುಳಿತು ತರಕಾರಿ ತೂಗಿ ಚಿಲ್ಲರೆ ಎಣಿಸಿ ಕೊಡುವ ಮಕ್ಕಳನ್ನು ನೋಡಿದವರಿಗೆ ಇದು ಆಶ್ಚರ್ಯವೆನಿಸುವುದಿಲ್ಲ. ಅಂಥ ಮಗುವಿಗೆ ಲೆಕ್ಕ ಬಾರದೆಂದು ಹೇಳುವ ಮೊದಲು, ಸಂತೆಯ ಲೆಕ್ಕವನ್ನು ಹಲಗೆಯ ಲೆಕ್ಕದೊಡನೆ ಯಾರಾದರೂ ಜೋಡಿಸಿಕೊಟ್ಟರೋ ಇಲ್ಲವೋ ಎಂದು ವಿಚಾರಿಸುವುದು ನ್ಯಾಯ.

ಸುರಪುರಕ್ಕೆ ಸಂಬಂಧಿಸಿದ ಇನ್ನೊಂದು ದೃಷ್ಟಾಂತವನ್ನೂ ಇಲ್ಲಿ ನೆನೆಯಬಹುದು. ಸುರಪುರ ಸಂಸ್ಥಾನದ ಅರಸನು ಇನ್ನೂ ಬಾಲಕನಾಗಿದ್ದ ಕಾಲದಲ್ಲಿ ಅಲ್ಲಿನ ಆಡಳಿತವನ್ನು ನೋಡಿಕೊಂಡವನು ಮೆಡೋಸ್ ಟೇಲರ್. ಇಂಗ್ಲೆಂಡಿನಿಂದ 1824ರಲ್ಲಿ ಅವನು ಭಾರತಕ್ಕೆ ಹೊರಟಾಗ ಅವನ ವಯಸ್ಸು ಹದಿನೈದು. ಶಾಲೆಯ ಓದು ಅಲ್ಲಿಗೆ ಮುಗಿದಿತ್ತು. ವಿಶ್ವವಿದ್ಯಾಲಯದ ಮೆಟ್ಟಿಲನ್ನೇ ಹತ್ತದ ಅವನು ಈ ನೆಲದ ಭಾಷೆಗಳನ್ನು, ಕಾನೂನನ್ನು, ಭೂಮಾಪನವನ್ನು ಸ್ವಂತ ಶ್ರಮದಿಂದ ಕಲಿತನು, ಸುರಪುರದ ಸುತ್ತಲಿನ ಪ್ರಾಚೀನ ಶಿಲಾಗೋರಿಗಳನ್ನು ಶೋಧಿಸಿ ವಿದ್ವಾಂಸರ ಗಮನಕ್ಕೆ ತಂದನು, ಕಾದಂಬರಿಗಳನ್ನು ಬರೆದನು. ಅವನು ಕಟ್ಟಿಸಿದ ಮನೆ ಟೇಲರ್ ಮಂಜಿಲ್ ಎಂಬ ಹೆಸರಿನಿಂದ ಊರಿನ ಗುಡ್ಡದ ಮೇಲೆ ಇಂದಿಗೂ ಇದೆ. ಹದಿನೈದನೆಯ ವಯಸ್ಸಿನಲ್ಲಿ ಯಾರಾದರೂ ಅವನ ಅಂಕಪಟ್ಟಿಯನ್ನು ನೋಡಿ ಭವಿಷ್ಯ ನುಡಿದಿದ್ದರೆ ಇದಿಷ್ಟನ್ನೂ ಹೇಳಬಲ್ಲವರಾಗುತ್ತಿರಲಿಲ್ಲ. ಬುದ್ಧಿಪರೀಕ್ಷೆಯ ಪ್ರಬಲ ಪಕ್ಷಪಾತಿಯಾಗಿದ್ದ ಟರ್ಮನ್ನನಿಗೂ ಇಂಥ ಅನುಭವವಾಯಿತು. ಅವನು 1921ರಿಂದ ಕ್ಯಾಲಿಫೋರ್ನಿಯದಲ್ಲಿ ಅತ್ಯಂತ ಬುದ್ಧಿವಂತರಾದ ಮಕ್ಕಳನ್ನು ಆರಿಸಿ ಅವರ ಜೀವನವನ್ನು ಹಲವು ದಶಕಗಳ ಕಾಲ ಗಮನಿಸಿದನು. ಅಂಕ ಸಾಲದೆ ಆ ಆಯ್ಕೆಯಿಂದ ಹೊರಗುಳಿದ ಹುಡುಗರಲ್ಲಿ ವಿಲಿಯಂ ಶಾಕ್ಲಿ, ಲೂಯಿಸ್ ಅಲ್ವಾರೆಜ್ ಎಂಬ ಇಬ್ಬರಿದ್ದರು. ಮುಂದೆ 1956ರಲ್ಲಿ ಒಬ್ಬನಿಗೂ 1968ರಲ್ಲಿ ಇನ್ನೊಬ್ಬನಿಗೂ ಭೌತಶಾಸ್ತ್ರದ ನೊಬೆಲ್ ಪಾರಿತೋಷಿಕ ದೊರೆಯಿತು. ಆರಿಸಲ್ಪಟ್ಟ ಸಾವಿರದೈನೂರು ಮಂದಿಯಲ್ಲಿ ಒಬ್ಬರಿಗೂ ಅದು ದೊರೆಯಲಿಲ್ಲ!

ಒಬ್ಬ ಮಗುವಿನ ವಿಷಯದಲ್ಲಿಯೇ ಇಷ್ಟು ಎಚ್ಚರ ಬೇಕಾದರೆ ಒಂದು ಜಿಲ್ಲೆಯ ವಿಷಯದಲ್ಲಿ ಇನ್ನೆಷ್ಟು ಬೇಕು? ಮಕ್ಕಳಿಂದ ಮಕ್ಕಳಿಗೆ ಇರುವ ವ್ಯತ್ಯಾಸದಲ್ಲಿ ಹುಟ್ಟಿನಿಂದ ಬಂದ ಅಂಶವೂ ಉಂಟೆಂಬುದನ್ನು ವಿಜ್ಞಾನಿಗಳು ಒಪ್ಪುತ್ತಾರೆ. ಅದರಿಂದ ಜಿಲ್ಲೆಯಿಂದ ಜಿಲ್ಲೆಗೆ ಇರುವ ವ್ಯತ್ಯಾಸವೂ ಹುಟ್ಟಿನಿಂದಲೇ ಬಂದುದೆಂದು ತೀರ್ಮಾನಿಸುವುದು ತರ್ಕದೋಷ. ಅಮೆರಿಕದ ಜೀವವಿಜ್ಞಾನಿ ರಿಚರ್ಡ್ ಲೆವೊಂಟಿನ್ 1970ರಲ್ಲಿ ಇದನ್ನು ಬೀಜಗಳ ಹೋಲಿಕೆಯಿಂದ ವಿವರಿಸಿದನು. ಒಕ್ಕಲುತನವನ್ನು ಬಲ್ಲ ಯಾದಗಿರಿಯ ಮಕ್ಕಳಿಗೆ ಅದು ಸುಲಭವಾಗಿ ತಿಳಿಯುತ್ತದೆ. ಒಂದೇ ಚೀಲದಿಂದ ಎರಡು ಹಿಡಿ ಜೋಳವನ್ನು ತೆಗೆದು, ಒಂದನ್ನು ನಾರಾಯಣಪುರ ಕಾಲುವೆಯ ನೀರು ಹರಿಯುವ ಹೊಲದಲ್ಲಿಯೂ ಇನ್ನೊಂದನ್ನು ಮಳೆಯನ್ನೇ ನಂಬಿದ ಒಣಹೊಲದಲ್ಲಿಯೂ ಬಿತ್ತಬೇಕು. ಒಂದೇ ಹೊಲದಲ್ಲಿ ಅಕ್ಕಪಕ್ಕದ ದಂಟುಗಳು ಹೆಚ್ಚುಕಡಮೆ ಬೆಳೆದಿದ್ದರೆ ಅದು ಬೀಜದ ಗುಣವಿರಬಹುದು. ಆದರೆ ಈ ಹೊಲಕ್ಕೂ ಆ ಹೊಲಕ್ಕೂ ಕಾಣುವ ಅಂತರ ಬೀಜದ್ದಲ್ಲ. ಬೀಜ ಒಂದೇ ಚೀಲದ್ದು. ಆ ಅಂತರ ನೀರಿನದು.

ಯಾದಗಿರಿಯ ಅಂಕಿಗಳೇ ಇದಕ್ಕೆ ಒಂದು ಸಾಕ್ಷ್ಯವನ್ನು ಒದಗಿಸುತ್ತವೆ. 2023ರಲ್ಲಿ ಜಿಲ್ಲೆಯ ಫಲಿತಾಂಶ ನೂರಕ್ಕೆ 75.49, 2024ರಲ್ಲಿ 50.59. ಒಂದೇ ವರ್ಷದಲ್ಲಿ ಸುಮಾರು 25ರ ಇಳಿತ. ಒಂದು ವರ್ಷದಲ್ಲಿ ಜಿಲ್ಲೆಯ ಮಕ್ಕಳ ಬುದ್ಧಿ ಮೂರನೆಯ ಒಂದು ಭಾಗದಷ್ಟು ಕುಗ್ಗಿತೆಂದು ಯಾರೂ ಹೇಳಲಾರರು. ಆ ವರ್ಷ ಪರೀಕ್ಷಾ ಕೇಂದ್ರಗಳಲ್ಲಿ ಕ್ಯಾಮೆರಾಗಳನ್ನು ಇಟ್ಟು ದೂರದಿಂದಲೇ ಮೇಲ್ವಿಚಾರಣೆ ನಡೆಸುವ ಏರ್ಪಾಡು ಬಂದಿತು. ರಾಜ್ಯದ ಒಟ್ಟು ಫಲಿತಾಂಶವೂ ಇಳಿಯಿತು. ಅಳತೆಯ ವಿಧಾನ ಬದಲಾದಾಗ ಸಂಖ್ಯೆ ಬದಲಾಯಿತು. ಹಿಂದಿನ ಸಂಖ್ಯೆ ಎಷ್ಟರಮಟ್ಟಿಗೆ ಕಲಿಕೆಯದು, ಎಷ್ಟರಮಟ್ಟಿಗೆ ನಕಲಿನದು ಎಂಬ ಪ್ರಶ್ನೆ ಕಹಿಯಾದರೂ ಕೇಳತಕ್ಕದ್ದೇ. ಆದರೆ ಅದು ಕಲಿಸುವಿಕೆಯನ್ನು ಕುರಿತ ಪ್ರಶ್ನೆ; ತಲೆಯನ್ನು ಕುರಿತದ್ದಲ್ಲ.

ಹಾಗಾದರೆ ಬುದ್ಧಿಪರೀಕ್ಷೆ ಬೇಡವೇ? ಬಿನೆಯ ಮೂಲ ಉದ್ದೇಶಕ್ಕೆ ಅದು ಇಂದಿಗೂ ಬೇಕು. ಬುದ್ಧಿಯ ಬೆಳವಣಿಗೆಯಲ್ಲಿ ನಿಜವಾಗಿ ಹಿಂದುಳಿದ ಮಗುವನ್ನು ಬೇಗ ಗುರುತಿಸಿದರೆ ಅದಕ್ಕೆ ತಕ್ಕ ತರಬೇತಿಯೂ ಸರಕಾರದ ನೆರವೂ ದೊರೆಯುತ್ತವೆ. ಬುದ್ಧಿ ಚುರುಕಾಗಿದ್ದರೂ ಅಕ್ಷರಗಳನ್ನು ಓದುವುದರಲ್ಲಿ ಮಾತ್ರ ತೊಡಕುಳ್ಳ ಮಗುವನ್ನು ಸೋಮಾರಿ ಎಂದು ಹೊಡೆಯುವುದು ತಪ್ಪುತ್ತದೆ. ಬುದ್ಧಿಯೆಂಬುದು ಹೆಚ್ಚಲಾರದ ವಸ್ತುವೆಂದು ಸಾರುವವರನ್ನು ಬಿನೆ ಕಟುವಾಗಿ ಖಂಡಿಸಿದ್ದನು. 1911ರಲ್ಲಿ ತಾನು ತೀರಿಕೊಳ್ಳುವುದಕ್ಕೆ ಕೆಲವೇ ವರ್ಷ ಮೊದಲು, ಹಿಂದುಳಿದ ಮಕ್ಕಳ ತರಗತಿಗಳಲ್ಲಿ ಗಮನಶಕ್ತಿಯನ್ನು ಬೆಳೆಸುವ ಆಟಗಳನ್ನು ಆಡಿಸಬೇಕೆಂದು ಬರೆದನು. ಅವುಗಳಲ್ಲಿ ಒಂದು, ಹೇಳಿದ ಕೂಡಲೆ ಎಲ್ಲರೂ ವಿಗ್ರಹಗಳಂತೆ ಅಲುಗದೆ ನಿಲ್ಲುವುದು.

ನುರಿತ ಪರೀಕ್ಷಕನು ಸಂಖ್ಯೆಯೊಂದನ್ನೇ ಬರೆದು ಕೈತೊಳೆದುಕೊಳ್ಳುವುದಿಲ್ಲ. ತಾಂಡಾದ ಮಗುವೊಂದು ಅವನ ಮುಂದೆ ಬಂದು ಕುಳಿತರೆ, ಮನೆಯಲ್ಲಿ ಯಾವ ಭಾಷೆ, ರಾತ್ರಿ ನಿದ್ದೆ ಬಂದಿತೇ, ಬೆಳಿಗ್ಗೆ ಏನು ತಿಂದಿತು, ಕಣ್ಣು ಕಿವಿ ಸರಿಯಾಗಿವೆಯೇ, ಎಷ್ಟು ದಿನ ಶಾಲೆಗೆ ಹೋಗಿದೆ ಎಂದು ಮೊದಲು ವಿಚಾರಿಸುತ್ತಾನೆ. ಕನ್ನಡದ ಪ್ರಶ್ನೆಗಳಿಗೆ ಮಗು ತಡವರಿಸಿದರೆ ಮಾತಿನ ಪರೀಕ್ಷೆಯನ್ನು ಬದಿಗಿಟ್ಟು ಕೈಕೆಲಸದ ಪರೀಕ್ಷೆಯನ್ನು ತೆಗೆಯುತ್ತಾನೆ. ಅಂಥದೊಂದನ್ನು ಉತ್ತರ ಪ್ರದೇಶದಲ್ಲಿ ಸಿ. ಎಂ. ಭಾಟಿಯಾ ಅವರು ರೂಪಿಸಿ 1955ರಲ್ಲಿ ಪ್ರಕಟಿಸಿದರು. ಬಣ್ಣದ ಘನಗಳನ್ನು ಜೋಡಿಸಿ ಚಿತ್ರದಂತೆ ಮಾಡುವುದು, ಪೆಟ್ಟಿಗೆಯಲ್ಲಿನ ತುಂಡುಗಳನ್ನು ಎತ್ತದೆ ಸರಿಸಿ ಸ್ಥಳ ಬದಲಾಯಿಸುವುದು, ಕೈ ಎತ್ತದೆ ಆಕೃತಿ ಬರೆಯುವುದು ಮೊದಲಾದ ಐದು ಭಾಗಗಳು ಅದರಲ್ಲಿವೆ. ಓದುಬರಹ ಬಲ್ಲವರಿಗೆ ಒಂದು, ಬಾರದವರಿಗೆ ಇನ್ನೊಂದು ಎಂದು ಹೋಲಿಕೆಯ ಪಟ್ಟಿಗಳನ್ನೂ ಅವರು ಬೇರೆ ಬೇರೆಯಾಗಿ ಕೊಟ್ಟಿದ್ದಾರೆ. ಪರೀಕ್ಷೆ ಮುಗಿದ ಮೇಲೆ ಪರೀಕ್ಷಕನು ತನ್ನ ಹಾಳೆಯಲ್ಲಿ ಅಂಕವನ್ನು ಬರೆದು, ಅದರ ಕೆಳಗೆ ಮಗು ಯಾವ ಕೆಲಸದಲ್ಲಿ ಎಲ್ಲಿ ಎಡವಿತು, ಒಮ್ಮೆ ತೋರಿಸಿಕೊಟ್ಟ ಮೇಲೆ ತಾನಾಗಿ ಮಾಡಿತೇ, ಇನ್ನೆಷ್ಟು ತಿಂಗಳ ನಂತರ ಮತ್ತೆ ಪರೀಕ್ಷಿಸಬೇಕು ಎಂಬುದನ್ನು ಬರೆಯುತ್ತಾನೆ. ಶಾಲೆಯ ಉಪಾಧ್ಯಾಯರಿಗೆ ಹೆಚ್ಚು ಉಪಯೋಗವಾಗುವುದು ಆ ಕೆಳಗಿನ ಸಾಲುಗಳೇ.